ಪದಚರ್ಚೆ: ‘ಎಂಜಿನ್ ನೀರು ಕುಡಿದಿದೆ’ ಎಂದರೆ ಸರಿಯಾಗಿ ತಿಳಿಯುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹೊಳೆ ದಾಟುವಾಗ ಆಫ್‌ರೋಡ್ ಗಾಡಿ ಮುಳುಗಿದರೆ ಏನು ಮಾಡಬೇಕು ಎಂದು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಇದನ್ನು ಓದುವವರು ಎಂಜಿನಿಯರುಗಳಲ್ಲ. ಗಾಡಿಯನ್ನು ಹೇಗೋ ದಡಕ್ಕೆ ಎಳೆದು, ಒದ್ದೆ ಬಟ್ಟೆಯಲ್ಲೇ ನಿಂತು, ಮುಂದೇನು ಎಂದು ಫೋನಿನಲ್ಲಿ ಹುಡುಕುವವರು. ಅವರಿಗೆ ಪ್ರತಿ ಪದವೂ ಒಂದೇ ಓದಿಗೆ ಅರ್ಥವಾಗಬೇಕು. ಕೆಲವು ಪದಗಳಲ್ಲಿ ನನಗೆ ನಿಮ್ಮ ಸಹಾಯ ಬೇಕು.

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಹೈಡ್ರೋಲಾಕ್’. ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲೇ ನೀರು ಸಿಲಿಂಡರಿಗೆ ನುಗ್ಗುತ್ತದೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಮೇಲೆ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ಆಗ ಎಂಜಿನ್ ಜೋರಾಗಿ ತಿರುಗುತ್ತಿದ್ದರೆ, ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಮುರಿಯಲೂಬಹುದು. ಇದಕ್ಕೆ ಬಕೆಟ್‌ಗಟ್ಟಲೆ ನೀರು ಬೇಕಿಲ್ಲ. 500 ಸಿಸಿಯ ಒಂದು ಡೀಸೆಲ್ ಸಿಲಿಂಡರ್, ಕಂಪ್ರೆಷನ್ 17:1 (ಅಂದರೆ ಒಳಗಿನ ಗಾಳಿ ಹದಿನೇಳರಲ್ಲಿ ಒಂದು ಪಾಲು ಜಾಗಕ್ಕೆ ಒತ್ತಿಕೊಳ್ಳುತ್ತದೆ) ಎಂದಿಟ್ಟುಕೊಳ್ಳಿ. ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಸುಮಾರು 31 ಮಿಲಿ. ಅಂದರೆ ಎರಡು ದೊಡ್ಡ ಚಮಚದಷ್ಟು. ಅದಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಮುಗಿಯಿತು.

ಗ್ಯಾರೇಜುಗಳಲ್ಲಿ ಇದಕ್ಕೂ ‘ಜಾಮ್ ಆಗಿದೆ’, ‘ಸೀಜ್ ಆಗಿದೆ’ ಅಂತಲೇ ಹೇಳುವುದುಂಟು. ನನ್ನ ತಕರಾರು ಇರುವುದು ಇಲ್ಲಿ. ಸೀಜ್ ಆಗುವುದು ಎಂದರೆ ಆಯಿಲ್ ಇಲ್ಲದೆ, ಬಿಸಿಯೇರಿ, ಲೋಹಕ್ಕೆ ಲೋಹ ಕಚ್ಚಿಕೊಳ್ಳುವುದು. ಅದಕ್ಕೆ ಎಂಜಿನ್ ಬಿಚ್ಚದೆ ದಾರಿಯಿಲ್ಲ. ನೀರು ನುಗ್ಗಿ ನಿಂತ ಎಂಜಿನ್ ಹಾಗಲ್ಲ. ರಾಡ್ ಬಗ್ಗಿರದಿದ್ದರೆ ದಡದಲ್ಲೇ ಅದನ್ನು ಬಿಡಿಸಬಹುದು. ಬ್ಯಾಟರಿಯ ನೆಗೆಟಿವ್ ತೆಗೆದು, ಏರ್ ಫಿಲ್ಟರ್ ಡಬ್ಬ ತೆರೆದು ನೋಡಬೇಕು. ಫಿಲ್ಟರ್ ಒದ್ದೆಯಾಗಿದ್ದರೆ ನೀರು ಒಳಗೆ ಹೋಗಿದೆ ಎಂದೇ ತಿಳಿಯಬೇಕು. ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಬೇಕು. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಪ್ಲಗ್ ಇದ್ದ ತೂತಿನಿಂದ ನೀರು ಚಿಮ್ಮುತ್ತದೆ, ಮುಖ ಆ ಕಡೆ ಇರಬಾರದು. ಮತ್ತೆ ಮತ್ತೆ ತಿರುಗಿಸಿ ನೀರು ಪೂರ್ತಿ ಹೋದ ಮೇಲೆ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟರೆ ತುಕ್ಕು ಹಿಡಿಯುವುದು ತಪ್ಪುತ್ತದೆ.

ಎರಡಕ್ಕೂ ‘ಜಾಮ್’ ಎಂದುಬಿಟ್ಟರೆ ಓದುಗ ಕೈಚೆಲ್ಲಿ ಕೂರುತ್ತಾನೆ. ಇಲ್ಲದಿದ್ದರೆ ಹೇಗಾದರೂ ಬಿಡಲಿ ಎಂದು ಸೆಲ್ಫ್ ಹೊಡೆಯುತ್ತಾ ಹೋಗುತ್ತಾನೆ, ಉಳಿದಿದ್ದ ರಾಡೂ ಬಗ್ಗುತ್ತದೆ. ಬಗ್ಗಿದ ರಾಡ್ ಕೂಡಲೇ ಗೊತ್ತಾಗದೆ ಇರಬಹುದು. ಎಂಜಿನ್ ಸ್ಟಾರ್ಟ್ ಆಗಿ, ಸ್ವಲ್ಪ ದಿನ ಓಡಿ, ಆಮೇಲೆ ಒಡೆದ ಗಾಡಿಗಳೂ ಉಂಟು. ಅದಕ್ಕೇ ಈ ಪದದ ಬಗ್ಗೆ ಇಷ್ಟು ಹಟ ಹಿಡಿದಿದ್ದೇನೆ.

ನನಗೆ ಒಪ್ಪಿಗೆಯಾಗಿರುವುದು ‘ಎಂಜಿನ್ ನೀರು ಕುಡಿದಿದೆ’. ಗಾಡಿ ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ಕುಡಿಯುತ್ತದೆ ಎಂದು ನಾವು ದಿನಾ ಹೇಳುತ್ತೇವೆ ಅಲ್ವಾ? ಆದರೆ ಒಂದು ತೊಡಕಿದೆ. ರೇಡಿಯೇಟರಿನ ನೀರು ಕಾರಣವಿಲ್ಲದೆ ಕಡಿಮೆಯಾಗುತ್ತಿದ್ದರೆ ‘ಗಾಡಿ ನೀರು ಕುಡೀತಿದೆ’ ಎನ್ನುವವರಿದ್ದಾರೆ. ಅಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿರಬಹುದು. ಅದು ಬೇರೆಯೇ ರೋಗ. ‘ಕುಡೀತಿದೆ’ ಎಂದರೆ ನಡೆಯುತ್ತಲೇ ಇರುವುದು, ‘ಕುಡಿದಿದೆ’ ಎಂದರೆ ಒಮ್ಮೆ ಆಗಿಹೋದದ್ದು. ಈ ವ್ಯತ್ಯಾಸ ಗಾಬರಿಯಲ್ಲಿರುವ ಓದುಗನ ಕಣ್ಣಿಗೆ ಬೀಳುತ್ತದೆಯೇ? ಅಥವಾ ‘ಸಿಲಿಂಡರಿಗೆ ನೀರು ನುಗ್ಗಿದೆ’ ಎಂದು ಬಿಡಿಸಿ ಹೇಳುವುದೇ ವಾಸಿಯೇ? ‘ಜಲಬಂಧ’, ‘ನೀರ್ತಡೆ’ ಎಂಬ ಸಲಹೆಗಳೂ ಬಂದವು. ಒಂದು ಅಣೆಕಟ್ಟಿನ ಹಾಗೆ ಕೇಳಿಸುತ್ತದೆ, ಇನ್ನೊಂದು ರೇನ್‌ಕೋಟಿನ ಹಾಗೆ.

ಎರಡನೆಯದು ‘ಮುಳುಗಿದೆ’. ಗಾಡಿ ಮುಳುಗಿದೆ ಎಂದಾಗ ಎಲ್ಲಿಯವರೆಗೆ? ನೀರಿನ ಆಳ ಹೇಳಲು ನಮ್ಮಲ್ಲಿ ಮೊಣಕಾಲುದ್ದ, ಸೊಂಟಮಟ್ಟ, ಎದೆಮಟ್ಟ, ಆಳುದ್ದ ಎಂಬ ಚಂದದ ಮಾತುಗಳಿವೆ. ಅದೇ ಅಚ್ಚಿನಲ್ಲಿ ಹಬ್‌ಮಟ್ಟ, ಬಾಗಿಲಮಟ್ಟ, ಬಾನೆಟ್‌ಮಟ್ಟ ಎಂದು ಬರೆದಿದ್ದೇನೆ. ಹಬ್‌ಮಟ್ಟ, ಅಂದರೆ ಚಕ್ರದ ನಡುವಿನವರೆಗೆ ನೀರು ಬಂದಿದ್ದರೆ, ವೀಲ್ ಬೇರಿಂಗ್, ಬ್ರೇಕ್, ಡಿಫರೆನ್ಷಿಯಲ್ (ಆಕ್ಸಲ್ಲಿನ ನಡುವಿನ ಗೇರು) ನೋಡಬೇಕು. ಬಾಗಿಲಮಟ್ಟ ದಾಟಿದರೆ ಗೇರ್‌ಬಾಕ್ಸ್ ಆಯಿಲ್, ಕಾರ್ಪೆಟ್, ಸೀಟಿನಡಿಯ ವೈರಿಂಗ್ ಎಲ್ಲವೂ ಸೇರುತ್ತವೆ. ಬಾನೆಟ್‌ಮಟ್ಟಕ್ಕೆ ಬಂದರೆ ಎಂಜಿನ್ನಿನ ಚಿಂತೆ. ಇವು ಓದಲು ಸಹಜವಾಗಿವೆಯೇ ಹೇಳಿ.

ಮೂರನೆಯದು ಆಯಿಲ್. ನೀರು ಸೇರಿ ಕಲಸಿಹೋದ ಆಯಿಲ್ ಬಿಳಿಚಿಕೊಂಡು, ದಪ್ಪಗೆ, ನೊರೆನೊರೆಯಾಗಿ ಕಾಣುತ್ತದೆ. ಮೊದಲು ‘ಕದಡಿದ ಆಯಿಲ್’ ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ಕದಡಿದ ನೀರು ಬಿಟ್ಟರೆ ತಿಳಿಯಾಗುತ್ತದೆ. ಹಾಗೆಂದು ಯಾರಾದರೂ ಆಯಿಲ್ ತಿಳಿಯಾಗಲಿ ಎಂದು ಸುಮ್ನೆ ಕಾಯುತ್ತಾ ಕೂರಬಾರದು. ಅದನ್ನು ಫಿಲ್ಟರ್ ಸಮೇತ ಬದಲಿಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಮತ್ತೆ ಬದಲಿಸಬೇಕು. ಇನ್ನೊಂದು ಮಾತು. ಮುಳುಗಿದ ಮೇಲೆ ಎಂಜಿನ್ ತಿರುಗಿಯೇ ಇಲ್ಲ ಎಂದರೆ ನೀರು ಕಲಸಿಕೊಳ್ಳದೆ ಎಂಜಿನ್ನಿನ ಸಂಪಿನ (ಅಡಿಯ ಆಯಿಲ್ ತೊಟ್ಟಿಯ) ತಳದಲ್ಲಿ ಬೇರೆಯಾಗಿಯೇ ನಿಂತಿರುತ್ತದೆ. ಆಗ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನ ತುದಿಯಲ್ಲಿ ಬಣ್ಣ ಸರಿಯಾಗಿಯೇ ಕಂಡರೂ ಮಟ್ಟ ಏರಿರುತ್ತದೆ. ಡ್ರೈನ್ ಬೋಲ್ಟ್ ಸಡಿಲಿಸಿದರೆ ಮೊದಲು ಬರುವುದು ನೀರು, ಹಿಂದೆ ಆಯಿಲ್. ‘ನೀರು ಬೆರೆತ ಆಯಿಲ್’ ಎಂದರೆ ಈ ಎರಡೂ ಸ್ಥಿತಿಗೆ ಹೊಂದುತ್ತದೆಯೇ? ನನಗೆ ‘ಬೆರೆತ’ ಮೊದಲನೆಯದಕ್ಕೆ ಮಾತ್ರ ಸರಿ ಎನಿಸುತ್ತದೆ.

ಕೊನೆಯದಾಗಿ ‘ಬ್ರೀದರ್’. ಆಕ್ಸಲ್ ಮತ್ತು ಗೇರ್‌ಬಾಕ್ಸಿನ ಒಳಗಿನ ಗಾಳಿ ಆಡಲು ಇರುವ ಸಣ್ಣ ದಾರಿ ಇದು. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಈ ದಾರಿಯಲ್ಲೋ ಸೀಲಿನ ಸಂದಿಯಲ್ಲೋ ನೀರನ್ನು ಎಳೆದುಕೊಳ್ಳುತ್ತದೆ. ‘ಉಸಿರುಕೊಳವೆ’ ಎಂದು ಬರೆಯೋಣ ಎಂದರೆ ಓದುಗರು ಅದನ್ನು ಸ್ನಾರ್ಕಲ್ ಎಂದುಕೊಳ್ಳುತ್ತಾರೆ. ಸ್ನಾರ್ಕಲ್ ಎಂಜಿನ್ನಿಗೆ ಗಾಳಿ ಕೊಡುವ ಕೊಳವೆ. ಅದಿದ್ದ ಮಾತ್ರಕ್ಕೆ ಆಕ್ಸಲ್ಲಿಗೆ ನೀರು ಹೋಗುವುದು ತಪ್ಪುವುದಿಲ್ಲ. ಟ್ರ್ಯಾಕ್ಟರ್, ಲಾರಿ ರಿಪೇರಿ ಮಾಡುವವರ ಒಡನಾಟ ಇರುವವರು ಅವರ ಬಾಯಲ್ಲಿ ಬ್ರೀದರಿಗೆ ಬೇರೆ ಪದ ಇದೆಯೇ ಎಂದು ದಯವಿಟ್ಟು ಕೇಳಿ ತಿಳಿಸಿ. ಇಲ್ಲವಾದರೆ ‘ಬ್ರೀದರ್’ ಎಂದೇ ಇಟ್ಟು, ಪಕ್ಕದಲ್ಲಿ ಒಂದು ಚಿತ್ರ ಹಾಕುತ್ತೇನೆ.