ಲಿನಕ್ಸ್‌ನಲ್ಲಿ 31, ವಿಂಡೋಸ್‌ನಲ್ಲಿ 27: ಪೈಥಾನ್‌ನಿಂದ ಸಿ ಫಂಕ್ಷನ್ ಕರೆದಾಗ ಅರೇ ಕೆಡುತ್ತಿದೆ

ಪ್ರಶ್ನೆ
ಮೂರು ದಿನದಿಂದ ಇದೊಂದರ ಹಿಂದೆ ಬಿದ್ದಿದ್ದೇನೆ, ಗೊತ್ತಿರುವವರು ದಾರಿ ತೋರಿಸಿ. ಸೆನ್ಸರ್ ರೀಡಿಂಗ್‌ಗಳನ್ನು ಕೂಡುವ ಸಣ್ಣ ಸಿ ಫಂಕ್ಷನ್ ಬರೆದು, ಪೈಥಾನ್‌ನಿಂದ ಸಿಟೈಪ್ಸ್ (ಸಿ ಫಂಕ್ಷನ್ ಕರೆಯುವ ಪೈಥಾನ್ ಲೈಬ್ರರಿ) ಮೂಲಕ ಕರೆಯುತ್ತೇನೆ. ಸಿ ಕಡೆ ಅರೇ (ಸಂಖ್ಯೆಗಳ ಸಾಲು) 'ಲಾಂಗ್' ಎಂಬ ಪೂರ್ಣಾಂಕ ಟೈಪ್. ಪೈಥಾನ್ ಕಡೆ ನಂಪೈ (ಅರೇ ಲೈಬ್ರರಿ) ಇಂಟ್64, ಅಂದರೆ 64 ಬಿಟ್ ಪೂರ್ಣಾಂಕ. ಅದರ ಪಾಯಿಂಟರನ್ನು (ಮೆಮೊರಿ ವಿಳಾಸ) ಲಾಂಗ್ ಪಾಯಿಂಟರ್ ಎಂದು ಕಾಸ್ಟ್ ಮಾಡಿ (ಟೈಪ್ ಬದಲಿಸಿ ಹೇಳಿ) ಕೊಡುತ್ತೇನೆ. ಲಿನಕ್ಸ್‌ನಲ್ಲಿ ತಿಂಗಳುಗಟ್ಟಲೆ ಓಡಿದೆ, ಒಂದು ಅಂಕಿ ತಪ್ಪಿಲ್ಲ. ಸಹೋದ್ಯೋಗಿಯ 64 ಬಿಟ್ ವಿಂಡೋಸ್‌ನಲ್ಲಿ ಕಂಪೈಲ್ ಮಾಡಿದರೆ 12, 15, -7, 11 ಕೂಡಿ 27 ಅನ್ನುತ್ತದೆ! ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಸಿ ಒಳಗೇ ಎಂಟು ಸ್ಥಾನ ಪ್ರಿಂಟ್ ಮಾಡಿದೆ: 12, 0, 15, 0, -7, -1, 11, 0. ಸೊನ್ನೆಗಳೇ ಅರ್ಥವಾಗಿಲ್ಲ, ನಡುವೆ ಆ -1 ಬೇರೆ.

ಉತ್ತರ 1
ಆ -1ರಲ್ಲೇ ಸುಳಿವಿದೆ, ಪ್ರಿಂಟ್ ಹಾಕಿ ಒಳ್ಳೆಯದು ಮಾಡಿದಿರಿ. ವಿಂಡೋಸ್ 64 ಬಿಟ್ ಆದರೂ ಅಲ್ಲಿ ಸಿಯ ಲಾಂಗ್ 32 ಬಿಟ್ಟೇ. 64 ಬಿಟ್ ಲಿನಕ್ಸ್‌ನಲ್ಲಿ 64. ನಂಪೈ ಒಂದೊಂದು ಸಂಖ್ಯೆಗೆ 8 ಬೈಟ್ ಇಟ್ಟಿದೆ, ಸಿ 4 ಬೈಟ್‌ಗೊಂದರಂತೆ ಓದುತ್ತಿದೆ. ಮೆಮೊರಿಯಲ್ಲಿ ಕೆಳಗಿನ ಅರ್ಧ ಮೊದಲಿರುವುದರಿಂದ 12 ಸಿಕ್ಕಿತು, ಮೇಲಿನ ಅರ್ಧ ಸೊನ್ನೆಯಾಗಿ ಕಂಡಿತು. ಮೊದಲ ನಾಲ್ಕು, ಅಂದರೆ 12, 0, 15, 0 ಕೂಡಿದ್ದಕ್ಕೇ 27. -7ರ ಮೇಲಿನ 32 ಬಿಟ್‌ಗಳೆಲ್ಲ 1, ಅದನ್ನು ಬೇರೆ ಸಂಖ್ಯೆಯಾಗಿ ಓದಿದರೆ -1.

ಸಿ ಕಡೆ ಲಾಂಗ್ ತೆಗೆದು, ಸಿಯ 1999ರ ಸ್ಟ್ಯಾಂಡರ್ಡ್ ಆದ ಸಿ99ರಿಂದ ಇರುವ ಇಂಟ್64_ಟಿ ಹಾಕಿ, ಅದು ಎಲ್ಲೆಡೆ 64 ಬಿಟ್ಟೇ. ಪೈಥಾನ್ ಕಡೆ ಕಾಸ್ಟ್ ಮಾಡಬೇಡಿ. ಎರರ್ ಬಾರದಂತೆ ಬಾಯಿ ಮುಚ್ಚಿಸಿದ್ದು ಆ ಕಾಸ್ಟ್. ಆರ್ಗ್‌ಟೈಪ್ಸ್‌ನಲ್ಲಿ (ಫಂಕ್ಷನ್‌ಗೆ ಕೊಡುವ ಆರ್ಗ್ಯುಮೆಂಟ್‌ಗಳ ಟೈಪ್ ಪಟ್ಟಿ) ನಂಪೈನ ಎನ್‌ಡಿಪಾಯಿಂಟರನ್ನು (ಅರೇಯ ಟೈಪ್ ಪರೀಕ್ಷಿಸುವ ಪಾಯಿಂಟರ್) ಇಂಟ್64 ಎಂದು ಕೊಟ್ಟರೆ, ಬೇರೆ ಅಳತೆಯ ಅರೇ ಬಂದಾಗ ಕರೆಯುವಲ್ಲೇ ತಡೆಯುತ್ತದೆ.

ಪ್ರಶ್ನೆ ಕೇಳಿದವರು
ಎರಡೂ ಕಡೆ 31 ಬಂತು, ತುಂಬಾ ಥ್ಯಾಂಕ್ಸ್. ಹೆಸರು ಒಂದೇ ಇದ್ದರೆ ಅಳತೆಯೂ ಒಂದೇ ಎಂದು ನಂಬಿಬಿಟ್ಟಿದ್ದೆ. ಇನ್ನೊಂದಿದೆ: ಒಂದು ಫಂಕ್ಷನ್ ಸ್ಟ್ರಕ್ಟ್ (ಹಲವು ಮೌಲ್ಯಗಳ ಒಂದು ಕಟ್ಟು) ಮಾಡಿ ಪಾಯಿಂಟರ್ ಕೊಡುತ್ತದೆ, ಅದನ್ನು ಮತ್ತೊಂದಕ್ಕೆ ಕೊಟ್ಟ ಕೂಡಲೇ ಪೈಥಾನೇ ಬಿದ್ದುಹೋಗುತ್ತದೆ.

ಉತ್ತರ 2
ರೆಸ್‌ಟೈಪ್ (ಫಂಕ್ಷನ್ ವಾಪಸ್ ಕೊಡುವುದರ ಟೈಪ್) ಹೇಳಿಲ್ಲ ಅಲ್ಲವೇ? ಹೇಳದಿದ್ದರೆ ಸಿಟೈಪ್ಸ್ ವಾಪಸ್ ಬಂದದ್ದನ್ನೆಲ್ಲ 32 ಬಿಟ್‌ನ ಇಂಟ್ ಎಂದು ತಿಳಿಯುತ್ತದೆ. 64 ಬಿಟ್ ವಿಳಾಸದ ಅರ್ಧ ಅಲ್ಲೇ ಕತ್ತರಿಸಿ ಹೋಗುತ್ತದೆ. ಮೊದಲ ಫಂಕ್ಷನ್‌ನ ರೆಸ್‌ಟೈಪ್ ವಾಯ್ಡ್ ಪಾಯಿಂಟರ್ (ಯಾವ ಟೈಪ್ ಎಂದು ಹೇಳದ ವಿಳಾಸ) ಮಾಡಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಎರಡನೆಯದರ ಆರ್ಗ್‌ಟೈಪ್ಸ್‌ನಲ್ಲೂ ಅದನ್ನೇ ಬರೆಯಬೇಕು, ಇಲ್ಲವಾದರೆ ಒಳಗೆ ಹೋಗುವಾಗ ಮತ್ತೆ ಕತ್ತರಿ. ಕೂಡುವ ಫಂಕ್ಷನ್‌ಗೂ ರೆಸ್‌ಟೈಪ್ ಇಂಟ್64 ಕೊಡಿ. 31 ಚಿಕ್ಕದಾದ್ದರಿಂದ ಉಳಿದುಕೊಂಡಿದೆ, 2,14,74,83,647 ದಾಟಿದ ದಿನ ಅದೂ ಕೆಡುತ್ತದೆ.

ಉತ್ತರ 3
ಫೋರ್ಟ್ರಾನ್ ಜೊತೆ ಕೆಲಸ ಮಾಡುವವರಿಗೂ ಇದೇ ಪಾಡು. 2003ರ ಸ್ಟ್ಯಾಂಡರ್ಡ್‌ನಲ್ಲಿ ಬಂದ ಐಎಸ್‌ಒ_ಸಿ_ಬೈಂಡಿಂಗ್ (ಸಿ ಟೈಪ್‌ಗಳಿಗೆ ಹೊಂದಿಸುವ ಮಾಡ್ಯೂಲ್) ಬಳಸಿ, ಇಂಟಿಜರ್‌ಗೆ ಸಿ_ಇಂಟ್64_ಟಿ ಎಂದೇ ಬರೆಯಿರಿ. 'ವ್ಯಾಲ್ಯೂ' ಎಂದು ಬರೆಯದ ಆರ್ಗ್ಯುಮೆಂಟ್‌ಗೆ ಫೋರ್ಟ್ರಾನ್ ವಿಳಾಸವನ್ನೇ ನಿರೀಕ್ಷಿಸುತ್ತದೆ, ನೀವು ಸಂಖ್ಯೆ ಕೊಟ್ಟರೆ ಅದನ್ನೇ ವಿಳಾಸವೆಂದುಕೊಂಡು ಓದಲು ಹೋಗುತ್ತದೆ. ಎರಡು ಆಯಾಮದ ಅರೇ ಆದರೆ ಇನ್ನೂ ಜಾಗ್ರತೆ: ಟೈಪ್ ಹೊಂದಿದರೂ ಸಾಲು-ಕಂಬ ಅದಲುಬದಲಾಗುತ್ತವೆ.

ಪ್ರಶ್ನೆ ಕೇಳಿದವರು
ರೆಸ್‌ಟೈಪ್, ಆರ್ಗ್‌ಟೈಪ್ಸ್ ಎರಡೂ ಹಾಕಿದೆ, ಬೀಳುವುದು ನಿಂತಿದೆ. ಉಳಿದ ಹನ್ನೊಂದು ಫಂಕ್ಷನ್‌ಗಳನ್ನೂ ಈಗಲೇ ಕೂತು ತಿದ್ದುತ್ತಿದ್ದೇನೆ.