ಪ್ರಯಾಣದಲ್ಲಿ ಕ್ರಿಕೆಟಿಗರು ಎದುರಾದರೆ: ಎಲ್ಲಿ ಕೇಳಬೇಕು, ಯಾವ ಪೆನ್ನು ಇಟ್ಟುಕೊಳ್ಳಬೇಕು?

ತುಂಗಾತೀರ:
ಐಪಿಎಲ್ ನಡೆಯುವಾಗಲೇ ಅಕ್ಕನ ಮಗನನ್ನು ಕರೆದುಕೊಂಡು ಬೆಂಗಳೂರಿನಿಂದ ಮುಂಬೈಗೆ ವಿಮಾನದಲ್ಲಿ ಹೋಗುವುದಿದೆ. ಹುಡುಗನಿಗೆ ಹತ್ತು ವರ್ಷ, ಕ್ರಿಕೆಟ್ ಹುಚ್ಚು. ಯಾರಾದರೂ ಆಟಗಾರರು ಸಿಕ್ಕರೆ ಸಹಿ ಹಾಕಿಸಿಕೊಳ್ಳಬೇಕು ಅಂತ ಬ್ಯಾಟು, ಚೆಂಡು, ಜರ್ಸಿ ಮೂರನ್ನೂ ತೆಗೆದಿಟ್ಟಿದ್ದಾನೆ. ಯಾವುದನ್ನು ಒಯ್ಯುವುದು, ಯಾವ ಪೆನ್ನು? ವಿಮಾನದೊಳಗೆ ಫೋಟೋ ತೆಗೆಯಬಹುದಾ? ಕೇಳುವುದಕ್ಕೆ ಸರಿಯಾದ ಜಾಗ, ಹೊತ್ತು ಯಾವುದು? ಗೊತ್ತಿದ್ದವರು ಹೇಳಿ.

ವಿಂಡೋಸೀಟ್:
ಮೊದಲು ಬ್ಯಾಟಿನ ವಿಷಯ. ಕ್ರಿಕೆಟ್ ಬ್ಯಾಟನ್ನು ಕೈಚೀಲದ ಜೊತೆ ಒಳಗೆ ಬಿಡುವುದಿಲ್ಲ, ನಿಷೇಧಿತ ವಸ್ತುಗಳ ಪಟ್ಟಿಯಲ್ಲೇ ಇದೆ. ಚೆಕ್-ಇನ್ ಲಗೇಜಿಗೆ ಹಾಕಬೇಕು, ಅಂದರೆ ಆಟಗಾರ ಎದುರು ಸಿಕ್ಕಾಗ ಬ್ಯಾಟು ವಿಮಾನದ ಹೊಟ್ಟೆಯಲ್ಲಿರುತ್ತದೆ. ಬ್ಯಾಟು ಮನೆಯಲ್ಲೇ ಇರಲಿ. ಗಟ್ಟಿ ರಟ್ಟಿನ, ಗೆರೆಯಿಲ್ಲದ ಪುಟ್ಟ ಪುಸ್ತಕವೊಂದು ಸಾಕು. ರಟ್ಟು ಗಟ್ಟಿ ಇರಲೇಬೇಕು, ಏಕೆಂದರೆ ಅವರು ನಿಂತುಕೊಂಡೇ, ಕೆಲವೊಮ್ಮೆ ನಡೆಯುತ್ತಲೇ ಬರೆಯುತ್ತಾರೆ.

ತಂಡದ ಜೊತೆ ಇರುವವರು ಬಹಳ ಸಲ ತಂಡಕ್ಕೆಂದೇ ಬಾಡಿಗೆಗೆ ಪಡೆದ ಚಾರ್ಟರ್ ವಿಮಾನದಲ್ಲಿ ಹೋಗುತ್ತಾರೆ, ಟರ್ಮಿನಲ್ಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಮಾಮೂಲಿ ವಿಮಾನದಲ್ಲಿ ಸಿಗುವವರು ಮಾಜಿ ಆಟಗಾರರು, ಕಾಮೆಂಟರಿಯವರು, ತಂಡ ಸೇರಿಕೊಳ್ಳಲು ಒಬ್ಬೊಬ್ಬರೇ ಹೊರಟವರು. ಇವರಿಗೇ ಸ್ವಲ್ಪ ಪುರುಸೊತ್ತೂ ಇರುತ್ತದೆ.

ಸೆಕ್ಯುರಿಟಿ ಸಾಲಿನಲ್ಲಿ ಮಾತಾಡಿಸಬೇಡಿ. ಅಲ್ಲಿ ಫೋಟೋ ನಿಷಿದ್ಧ, ಏರ್‌ಪೋರ್ಟ್ ಕಾಯುವ ಸಿಐಎಸ್ಎಫ್‌ನವರು ಡಿಲೀಟ್ ಮಾಡಿಸುತ್ತಾರೆ. ಮೇಲಾಗಿ ಆ ಮನುಷ್ಯ ಬೆಲ್ಟು, ವಾಚು ಬಿಚ್ಚಿ ಟ್ರೇಗೆ ಹಾಕುತ್ತಿರುತ್ತಾನೆ. ಬೋರ್ಡಿಂಗ್ ಗೇಟಿನ ಬಳಿ ಕೂತಿದ್ದಾಗ ಕೇಳಬಹುದು, ಆದರೆ ಹತ್ತು ಜನ ನೋಡಿ ಎದ್ದು ಬಂದರೆ ಅಲ್ಲಿಗೆ ಮುಗಿಯಿತು. ವಿಮಾನದೊಳಗೆ ಸೀಟ್ ಬೆಲ್ಟ್ ದೀಪ ಆರಿದ ಮೇಲೆ, ತಿಂಡಿಯ ಗಾಡಿ ಹೊರಡುವ ಮುಂಚೆ, ಕ್ಯಾಬಿನ್ ಸಿಬ್ಬಂದಿಯ ಕೈಯಲ್ಲಿ ಪುಸ್ತಕ, ಪೆನ್ನು ಕೊಟ್ಟು "ತೊಂದರೆ ಇಲ್ಲದಿದ್ದರೆ ಒಂದು ಸಹಿ" ಅಂತ ಕೇಳಿಸುವುದೇ ಒಳ್ಳೆಯದು. ಹುಡುಗನ ಹೆಸರನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಪುಟಕ್ಕೆ ಸಿಕ್ಕಿಸಿ. ಸಿಬ್ಬಂದಿ ಆಗುವುದಿಲ್ಲ ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಫೋಟೋಗೆ ಬಂದರೆ, 2004ರ ಡಿಸೆಂಬರಿನ ಡಿಜಿಸಿಎ (ವಿಮಾನಯಾನದ ನಿಯಂತ್ರಣ ಸಂಸ್ಥೆ) ಸುತ್ತೋಲೆಯ ಪ್ರಕಾರ ಪ್ರಯಾಣಿಕರು ವಿಮಾನದೊಳಗೆ ಫೋಟೋ, ವಿಡಿಯೋ ತೆಗೆಯಬಹುದು. 2020ರ ಸೆಪ್ಟೆಂಬರಿನಲ್ಲಿ ಚಂಡೀಗಢ–ಮುಂಬೈ ವಿಮಾನದಲ್ಲಿ ಕಂಗನಾ ರನೌತ್ ಇದ್ದಾಗ ಕ್ಯಾಮೆರಾದವರು ಮುಗಿಬಿದ್ದು ಗಲಾಟೆಯಾಯಿತಲ್ಲ, ಆಗ ಡಿಜಿಸಿಎ ನಿಯಮ ಮುರಿದು ಚಿತ್ರೀಕರಣ ನಡೆದರೆ ಆ ಮಾರ್ಗದ ವಿಮಾನವನ್ನೇ ಎರಡು ವಾರ ನಿಲ್ಲಿಸುತ್ತೇವೆ ಎಂದಿತು. ಆಮೇಲೆ ಪ್ರಯಾಣಿಕರು ತೆಗೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ಗೊಂದಲ ಎಬ್ಬಿಸುವ ಅಥವಾ ಸಿಬ್ಬಂದಿ ಬೇಡವೆಂದ ಚಿತ್ರೀಕರಣ ಕೂಡದು ಅಂತ ಸ್ಪಷ್ಟನೆ ಕೊಟ್ಟಿತು. ಅಂದರೆ ಕೊನೆಯ ಮಾತು ಸಿಬ್ಬಂದಿಯದು. ಬೇಡ ಅಂದ ಮೇಲೂ ವಾದಕ್ಕಿಳಿದರೆ ಅಶಿಸ್ತಿನ ಪ್ರಯಾಣಿಕರ ಪಟ್ಟಿಗೆ ಹೆಸರು ಬೀಳಬಹುದು. ಬರೀ ಬಾಯಿಮಾತಿನ ರಗಳೆಗೂ ಮೂರು ತಿಂಗಳವರೆಗೆ ಹಾರಾಟ ಬಂದ್ ಮಾಡುವ ಅವಕಾಶ ಇದೆ.

ಪೆವಿಲಿಯನ್ ಎಂಡ್:
ಪೆನ್ನಿನ ಬಗ್ಗೆ ನಾನು ಹೇಳ್ತೀನಿ, ಜನ ಎಡವುವುದು ಇಲ್ಲೇ.

ಕಾಗದಕ್ಕೆ ಬಾಲ್ ಪೆನ್ನೇ ಸಾಕು, ಕಪ್ಪು ಅಥವಾ ನೀಲಿ. ಜೆಲ್ ಪೆನ್ನು ಒಣಗುವ ಮುಂಚೆ ಪುಸ್ತಕ ಮುಚ್ಚಿದರೆ ಎದುರು ಪುಟಕ್ಕೆ ಅಚ್ಚಾಗುತ್ತದೆ. ಇಂಕ್ ಪೆನ್ನು ವಿಮಾನದಲ್ಲಿ ಒತ್ತಡ ಬದಲಾದಾಗ ಸೋರುತ್ತದೆ, ಬೇಡವೇ ಬೇಡ. ಹೊಳಪಿನ ಫೋಟೋ ಮೇಲೆ ಬಾಲ್ ಪೆನ್ನು ಹಿಡಿಯುವುದಿಲ್ಲ, ಗೀರು ಬೀಳುತ್ತದೆ ಅಷ್ಟೆ. ಅದಕ್ಕೆ ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್.

ಜರ್ಸಿ ಪಾಲಿಯೆಸ್ಟರ್ ಬಟ್ಟೆ. ಸಡಿಲವಾಗಿದ್ದರೆ ಮೊನೆ ನೂಲಿಗೆ ಸಿಕ್ಕಿ ಸಹಿ ಜಗ್ಗುತ್ತದೆ, ಶಾಯಿ ನೂಲಿನ ಗುಂಟ ಹರಡುತ್ತದೆ. ಒಳಗೆ ಎ4 ಅಳತೆಯ ರಟ್ಟು ತೂರಿಸಿ, ಹಿಂದಕ್ಕೆ ಬಿಗಿಯಾಗಿ ಎಳೆದು ಎರಡು ಕ್ಲಿಪ್ ಹಾಕಿ. ರಟ್ಟಿದ್ದರೆ ಶಾಯಿ ಹಿಂಬದಿಯ ಪದರಕ್ಕೂ ಇಳಿಯುವುದಿಲ್ಲ. ಸಹಿಯಾದ ಜರ್ಸಿಯನ್ನು ಮತ್ತೆ ಒಗೆಯುವಂತಿಲ್ಲ, ಹುಡುಗನಿಗೆ ಈಗಲೇ ಹೇಳಿಡಿ.

ಬ್ಯಾಟಿಗೆ ಮುಂದೆಂದಾದರೂ ಸಹಿ ಹಾಕಿಸುವುದಾದರೆ ಮುಂಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿರದ, ಹೊಸದಾಗಿ ಎಣ್ಣೆ ಹಚ್ಚಿರದ ಬ್ಯಾಟು ಬೇಕು. ಹಾಳೆ ಮೇಲಿನ ಶಾಯಿ ಬೆರಳು ತಾಗಿದರೆ ಸಾಕು, ಎದ್ದು ಬರುತ್ತದೆ. ನಾರಗಸೆ ಎಣ್ಣೆ ಕುಡಿದ ಮರದಲ್ಲಿ ಶಾಯಿ ಹಬ್ಬುತ್ತದೆ. ಸಹಿಯಾದ ಮೇಲೆ "ಉಳಿಯಲಿ" ಅಂತ ವಾರ್ನಿಷ್ ಹೊಡೆಯುವವರಿದ್ದಾರೆ. ವಾರ್ನಿಷ್‌ನ ದ್ರಾವಕಕ್ಕೆ ಮಾರ್ಕರ್ ಶಾಯಿ ಕರಗಿ ಸಹಿ ನೀಲಿ ಕಲೆಯಾಗುತ್ತದೆ. ಬಿಸಿಲು ಬೀಳುವ ಗೋಡೆಗೂ ತೂಗುಹಾಕಬೇಡಿ, ಮಾರ್ಕರ್ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ.

ಕೊಡುವ ರೀತಿಯೂ ಮುಖ್ಯ. ಮುಚ್ಚಳ ಮೊದಲೇ ತೆಗೆದು ನಿಮ್ಮ ಕೈಯಲ್ಲಿಟ್ಟುಕೊಳ್ಳಿ. ಮೊನೆ ನಿಮ್ಮ ಕಡೆ, ಹಿಂಬದಿ ಅವರ ಕಡೆ ಇರಲಿ. ಖಾಲಿ ಪುಟ ತೆರೆದು, ಕೆಳಗೆ ಅಂಗೈ ಕೊಟ್ಟು ಅವರ ಸೊಂಟದ ಎತ್ತರಕ್ಕೆ ಹಿಡಿಯಿರಿ. ಸಿಗುವುದೇ ಹತ್ತು ಸೆಕೆಂಡು, ಅದರಲ್ಲಿ ಐದನ್ನು ಪುಟ ಹುಡುಕುವುದಕ್ಕೆ ಕಳೆದರೆ ಅವರು ಮುಂದೆ ಹೋಗಿಬಿಡುತ್ತಾರೆ. ಸಹಿಯೋ ಸೆಲ್ಫಿಯೋ ಒಂದನ್ನೇ ಕೇಳಿ. ಕನ್ನಡ ಬಲ್ಲ ಆಟಗಾರರಾದರೆ ಕನ್ನಡದಲ್ಲೇ ಕೇಳಿ, ಬೇರೆ ಊರಿನ ಏರ್‌ಪೋರ್ಟಿನಲ್ಲಂತೂ ಥಟ್ಟನೆ ತಿರುಗುತ್ತಾರೆ.

ಫಿಸಿಯೋಗಿರಿ:
ಕೆಲವು ಆಟಗಾರರು ಮುಖ ತಿರುಗಿಸಿದರೆ ಅಹಂಕಾರ ಅಂದುಕೊಳ್ಳುವವರಿಗೆ ಮೂರು ಮಾತು.

ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಮೈಸೂರು ಪಾಕ್ ಆಗಲಿ, ನೆಗಡಿಗೆ ಲೇಹ್ಯ ಆಗಲಿ, ತೆರೆದ ನೀರಿನ ಬಾಟಲಿ ಆಗಲಿ. ಡೋಪಿಂಗ್ ನಿಯಮದಲ್ಲಿ ದೇಹದಲ್ಲಿ ಏನು ಸಿಕ್ಕಿದರೂ ಅದಕ್ಕೆ ಆಟಗಾರನೇ ಹೊಣೆ, "ಯಾರೋ ಕೊಟ್ಟರು" ಅಂದರೆ ನಡೆಯುವುದಿಲ್ಲ. ಟೆನಿಸ್‌ನ ಯಾನಿಕ್ ಸಿನ್ನರ್ ಪ್ರಕರಣ ನೋಡಿ. ಫಿಸಿಯೋ ತನ್ನ ಬೆರಳಿನ ಗಾಯಕ್ಕೆ ಹಾಕಿಕೊಂಡ ಸ್ಪ್ರೇಯಲ್ಲಿದ್ದ ಕ್ಲೋಸ್ಟೆಬಾಲ್ ಎಂಬ ನಿಷೇಧಿತ ಸ್ಟೆರಾಯ್ಡ್ ಮಸಾಜ್ ಮಾಡುವಾಗ ಚರ್ಮದಿಂದ ಒಳಹೋಯಿತು ಅನ್ನುವ ವಿವರಣೆಯನ್ನು ಒಪ್ಪಿದರೂ 2025ರಲ್ಲಿ ಮೂರು ತಿಂಗಳು ಆಟದಿಂದ ಹೊರಗಿರಬೇಕಾಯಿತು.

ಕೈಕುಲುಕಲು ಹೋಗಬೇಡಿ. 2012ರ ಲಂಡನ್ ಒಲಿಂಪಿಕ್ಸ್‌ಗೆ ಮುಂಚೆ ಬ್ರಿಟನ್ ತಂಡದ ವೈದ್ಯರೇ ಸೋಂಕಿನ ಭಯಕ್ಕೆ ಕೈಕುಲುಕುವುದನ್ನು ತಪ್ಪಿಸಿ ಎಂದಿದ್ದರು. ಒಂದು ನಮಸ್ಕಾರ ಹಾಕಿ, ಅದರಷ್ಟು ಅನುಕೂಲ ಬೇರೆ ಇಲ್ಲ.

ಮೂರನೆಯದು ಕ್ರಿಕೆಟಿಗರಿಗೆ ಸಂಬಂಧಿಸಿದ್ದು. "ನಾಳೆ ಆಡ್ತೀರಾ, ಪಿಚ್ ಹೇಗಿದೆ, ಯಾರು ಔಟ್?" ಇವು ನಮಗೆ ಹರಟೆ, ಅವರಿಗೆ ತಲೆನೋವು. ಬೆಟ್ಟಿಂಗಿಗೆ ಬಳಕೆಯಾಗಬಹುದಾದ ಒಳಗಿನ ಮಾಹಿತಿ ಹೊರಗೆ ಹೇಳುವುದು ಕ್ರಿಕೆಟ್‌ನ ಭ್ರಷ್ಟಾಚಾರ ತಡೆ ಸಂಹಿತೆಯಲ್ಲಿ ಅಪರಾಧ. ಬುಕ್ಕಿಗಳು ಬರುವುದೂ ಅಭಿಮಾನಿಯ ವೇಷದಲ್ಲೇ. ಬುಕ್ಕಿ ತನ್ನನ್ನು ಸಂಪರ್ಕಿಸಿದ್ದನ್ನು ವರದಿ ಮಾಡದ್ದಕ್ಕೇ ಬಾಂಗ್ಲಾದೇಶದ ಶಕೀಬ್ ಅಲ್ ಹಸನ್‌ಗೆ 2019ರಲ್ಲಿ ಎರಡು ವರ್ಷದ ನಿಷೇಧ ಬಿತ್ತು, ಅದರಲ್ಲಿ ಒಂದು ವರ್ಷದ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿದ್ದರು. ಹಾಗಾಗಿ ಇಂಥ ಪ್ರಶ್ನೆ ಬಿದ್ದ ಕೂಡಲೇ ಅವರು ಜಾಗ ಖಾಲಿ ಮಾಡುತ್ತಾರೆ. ಹಳೆಯ ಇನಿಂಗ್ಸ್ ಬಗ್ಗೆ ಒಂದು ವಾಕ್ಯ ಹೇಳಿ, ಮುಖ ಅರಳುತ್ತದೆ.

ಇನ್ನು ಸಂಸಾರದ ಜೊತೆ ಇದ್ದರೆ ಬಿಟ್ಟುಬಿಡಿ. ಮಗುವಿನ ಫೋಟೋ ತೆಗೆಯಬೇಡಿ ಅಂತ ಕೊಹ್ಲಿ, ಅನುಷ್ಕಾ ಬಹಿರಂಗವಾಗಿಯೇ ಕೇಳಿಕೊಂಡಿದ್ದಾರೆ. ಹೋಟೆಲ್ ಕೋಣೆ ಸಂಖ್ಯೆ, ಮಹಡಿ ಗೊತ್ತಾದರೂ ಎಲ್ಲೂ ಹಾಕಬೇಡಿ. 2022ರಲ್ಲಿ ಪರ್ತ್‌ನಲ್ಲಿ ಕೊಹ್ಲಿ ಕೋಣೆಯ ವಿಡಿಯೋ ಹೊರಬಂದಾಗ ಎಷ್ಟು ನೊಂದುಕೊಂಡರು ಅಂತ ಎಲ್ಲರೂ ಓದಿದ್ದೇವೆ.

ಆಲೂರು ಬಸ್:
ಏರ್‌ಪೋರ್ಟ್ ಅದೃಷ್ಟದಾಟ. ಹುಡುಗನಿಗೆ ನಿಜವಾಗಿ ಸಹಿ ಬೇಕಿದ್ದರೆ ರಣಜಿ ಪಂದ್ಯಕ್ಕೆ ಕರೆದುಕೊಂಡು ಹೋಗಿ. ಜನ ಕಡಿಮೆ, ಬೇಲಿಯಾಚೆ ಕೈಗೆಟುಕುವಷ್ಟು ದೂರದಲ್ಲಿ ಆಟಗಾರರು. ತುಮಕೂರು ರಸ್ತೆಯ ಆಲೂರು, ಹುಬ್ಬಳ್ಳಿಯ ರಾಜನಗರ, ಶಿವಮೊಗ್ಗದ ನವುಲೆ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್, ಕರ್ನಾಟಕದ ಪಂದ್ಯ ಎಲ್ಲಿದೆ ನೋಡಿಕೊಳ್ಳಿ. ದೊಡ್ಡ ಹೆಸರುಗಳೂ ಈಗ ಬರುತ್ತಿವೆ: 2025ರ ಜನವರಿ ಕೊನೆಯಲ್ಲಿ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲಿ ಹರಿಯಾಣ ವಿರುದ್ಧ ಆಡಿದರು, ಅದೇ ಹೊತ್ತಿಗೆ ಕೊಹ್ಲಿ ದೆಹಲಿಯಲ್ಲಿ.

ಆಟ ಸಾಮಾನ್ಯವಾಗಿ 9.30ಕ್ಕೆ ಶುರು, 4.30ಕ್ಕೆ ಮುಕ್ತಾಯ. ಬೆಳಿಗ್ಗೆ ವಾರ್ಮ್-ಅಪ್ ಹೊತ್ತಿನಲ್ಲಿ ಕೇಳಬೇಡಿ, ಪ್ಯಾಡ್ ಕಟ್ಟಿ ಕೂತವರನ್ನಂತೂ ನೋಡಿಯೂ ನೋಡದಂತಿರಿ. ದಿನದಾಟ ಮುಗಿದು ಕಿಟ್ ಬ್ಯಾಗು ಬಸ್ಸಿಗೆ ಹೋಗುವಾಗ ಸರಿಯಾದ ಹೊತ್ತು. ತಮ್ಮ ತಂಡ ಆಲೌಟ್ ಆದ ದಿನ ಮಾತ್ರ ಸುಮ್ಮನೆ ಮನೆಗೆ ಹೋಗಿ.

ಐಪಿಎಲ್ ದಿನ ಹೋಟೆಲ್ ಗೇಟು, ಸ್ಟೇಡಿಯಂ ಗೇಟಿನ ನೂಕುನುಗ್ಗಲಿಗೆ ಮಗುವನ್ನು ಒಯ್ಯಬೇಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜೀವ ಹೋಗಿವೆ. ಹಿಂದಿನವರ ಒತ್ತಡ ಬೆನ್ನಿಗೆ ಬೀಳತೊಡಗಿದರೆ ಆಟಗಾರರ ಬಸ್ಸಿಗೆ ಕಾಯದೆ ಪಕ್ಕಕ್ಕೆ ಹೊರಬನ್ನಿ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಬ್ಯಾಟು ಕ್ಯಾನ್ಸಲ್, ಪುಸ್ತಕ ಮತ್ತು ಜರ್ಸಿ. ಚೆಂಡಿನ ಬಗ್ಗೆ ಯಾರೂ ಹೇಳಲಿಲ್ಲ. ಕೆಂಪು ಲೆದರ್ ಚೆಂಡು, ಹೊಸದು. ರಣಜಿಗೆ ಒಯ್ಯೋಣ ಅಂತ.

ಪೆವಿಲಿಯನ್ ಎಂಡ್:
ಕೆಂಪಿನ ಮೇಲೆ ಕಪ್ಪು, ನೀಲಿ ಕಾಣಿಸುವುದಿಲ್ಲ. ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್, 1 ಮಿ.ಮೀ. ಆಸುಪಾಸಿನ ಮೊನೆಯದು ತನ್ನಿ. ಮನೆಯಲ್ಲೇ ಚೆನ್ನಾಗಿ ಕುಲುಕಿ, ರದ್ದಿ ಕಾಗದದ ಮೇಲೆ ಮೊನೆ ಒತ್ತಿ ಬಣ್ಣ ಇಳಿಸಿಕೊಳ್ಳಿ. ಇಲ್ಲದಿದ್ದರೆ ಮೊದಲ ಗೆರೆಯಲ್ಲೇ ದೊಡ್ಡ ಹನಿ ಬೀಳುತ್ತದೆ. ಹೊಸ ಚೆಂಡಿನ ಪಾಲಿಶ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಒಣ ಹತ್ತಿ ಬಟ್ಟೆಯಿಂದ ಚೆನ್ನಾಗಿ ಉಜ್ಜಿ. ಕಂಪನಿ ಮುದ್ರೆ ಇಲ್ಲದ ಬದಿಯನ್ನು ಮೇಲೆ ಮಾಡಿ ಹಿಡಿಯಿರಿ. ಸಹಿಯಾದ ಮೇಲೆ ಕೆಲವು ನಿಮಿಷ ಹೊಲಿಗೆಯಲ್ಲೇ ಹಿಡಿದುಕೊಂಡಿರಬೇಕು, ಜೇಬಿಗೆ ಹಾಕಿದರೆ ಹೋಯಿತು. ಕೆಲವು ಪೇಂಟ್ ಮಾರ್ಕರ್ ಮೇಲೆ ಬೆಂಕಿಯ ಚಿಹ್ನೆ ಇರುತ್ತದೆ, ಅಂಥದ್ದನ್ನು ವಿಮಾನಕ್ಕೆ ಒಯ್ಯಬೇಡಿ.