ಅಪ್‌ಡೇಟ್: ಗ್ರಾಹಕರ ಎದುರಿಗೇ, ಬ್ರೌಸರ್‌ನಲ್ಲೇ ವಿನ್ಯಾಸ
ಜಾಲತಾಣವನ್ನು ಮೊದಲು ಚಿತ್ರವಾಗಿ ತೋರಿಸಿ ಒಪ್ಪಿಗೆ ಪಡೆಯುವ ಬದಲು, ಗ್ರಾಹಕರ ಜೊತೆ ಕುಳಿತು ನೇರವಾಗಿ ಬ್ರೌಸರ್‌ನಲ್ಲೇ ರೂಪಿಸಬಹುದೇ ಎಂದು ಹಿಂದೆ ಕೇಳಿದ್ದೆ. ತೀರ್ಥಹಳ್ಳಿ ಸಮೀಪದ ಹೋಮ್‌ಸ್ಟೇ ಒಂದರ ಕೆಲಸವನ್ನು ಹಾಗೆಯೇ ಮಾಡಿದೆ. ಸಲಹೆ ನೀಡಿದ ಎಲ್ಲರಿಗೂ ಕೃತಜ್ಞತೆಗಳು.

ಹೆಚ್ಚಿನ ಪ್ರಯೋಜನ ಕಂಡದ್ದು ಕನ್ನಡ ಪಠ್ಯದಲ್ಲಿ. ಇಂಗ್ಲಿಷ್ ಶೀರ್ಷಿಕೆಗಳಿಗೆ ಸಾಕಾಗುವ 1.2ರ ಲೈನ್‌-ಹೈಟ್‌ನಲ್ಲಿ (ಸಾಲಿನ ಎತ್ತರ ಅಕ್ಷರ ಗಾತ್ರದ 1.2 ಪಟ್ಟು) ‘ಅಕ್ಕಿರೊಟ್ಟಿ’, ‘ಕುಪ್ಪಳ್ಳಿ’ಯಂತಹ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತಿದ್ದವು, ಅದನ್ನು 1.6ಕ್ಕೆ ಏರಿಸಿದೊಡನೆ ಆದ ವ್ಯತ್ಯಾಸವನ್ನು ಮನೆಯ ಯಜಮಾನರು ತಮ್ಮ ಫೋನಿನಲ್ಲೇ ಕಂಡು, “ಈಗ ಓದ್ಲಿಕ್ಕೆ ಹಿತವಾಯ್ತು ನೋಡಿ” ಎಂದರು. ಚಿತ್ರದಲ್ಲಿ ತೋರಿಸಿದ್ದರೆ ಈ ಮಾತು ಬರುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಪುಟವನ್ನು ಅಲ್ಲೇ ಬದಲಿಸಿ ನೋಡಲು ಬ್ರೌಸರ್‌ನಲ್ಲಿರುವ ಡೆವಲಪರ್ ಟೂಲ್ಸ್‌ನಲ್ಲಿ ಮಾಡಿದ ಬದಲಾವಣೆಗಳು ಪುಟ ರಿಫ್ರೆಶ್ ಆದರೆ ಸಾಮಾನ್ಯವಾಗಿ ಉಳಿಯುವುದಿಲ್ಲವಾದ್ದರಿಂದ, ಒಪ್ಪಿತವಾದದ್ದನ್ನು ಆಗಲೇ ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಕಡತಕ್ಕೆ ಸೇರಿಸುವುದು ಅಗತ್ಯ. ಮಳೆಗಾಲದ ಮಲೆನಾಡಿನಲ್ಲಿ ಇಂಟರ್ನೆಟ್ಟನ್ನು ನೆಚ್ಚಿಕೊಳ್ಳಲಾಗದು. ಫಾಂಟ್ ಸಹಿತ ಎಲ್ಲವನ್ನೂ ಲ್ಯಾಪ್‌ಟಾಪ್‌ನ ಲೋಕಲ್ (ಇಂಟರ್ನೆಟ್ ಬೇಡದ) ಸರ್ವರ್‌ನಲ್ಲಿಟ್ಟು, ವೈಫೈ ಮೂಲಕ ಅವರ ಫೋನಿಗೆ ತೋರಿಸಿದೆ. ಬಣ್ಣಗಳ ಚರ್ಚೆ ಮಾತ್ರ ಎದುರಿಗೆ ಕುಳಿತಾಗ ಮುಗಿಯುವುದೇ ಇಲ್ಲ. ಅದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳಿತು.